ಕೋಕ್ ಸುಟ್ಟ ಮೇಲೂ ಕ್ಯಾಟಲಿಸ್ಟ್ ಚೇತರಿಸಿಕೊಳ್ಳದಿದ್ದರೆ

ರಿಫೈನರಿಯ ಲ್ಯಾಬಿನಲ್ಲಿ ಎಫ್‌ಸಿಸಿ ಘಟಕದ, ಅಂದರೆ ಭಾರವಾದ ಎಣ್ಣೆ ಒಡೆಯುವ ಘಟಕದ, ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ಪುಡಿ) ಪರೀಕ್ಷಿಸುವುದು ನನ್ನ ಕೆಲಸ. ಕನ್ವರ್ಷನ್, ಅಂದರೆ ಒಡೆಯುವ ಎಣ್ಣೆಯ ಪಾಲು, ಸ್ವಲ್ಪ ಇಳಿದರೆ ಸಾಕು, "ಕೋಕ್ ಜಾಸ್ತಿ ಆಗಿದೆ" ಅನ್ನುತ್ತಾರೆ. ಕೋಕ್ ಅಂದರೆ ಪುಡಿಗೆ ಅಂಟುವ ಕಪ್ಪು ಇಂಗಾಲದ ಮಸಿ, ಕಣ್ಣಿಗೆ ಕಾಣುತ್ತೆ, ಹಾಗಾಗಿ ಬೈಗುಳವೂ ಅದಕ್ಕೇ. ನಾನು ಅದನ್ನು ಅಷ್ಟು ಬೇಗ ಅನುಮಾನಿಸುವುದಿಲ್ಲ.

ಎಣ್ಣೆ, ಪುಡಿ ಸೇರುವ ಕೊಳವೆಯಾದ ರೈಸರ್‌ನಲ್ಲಿ 500ರಿಂದ 540 ಡಿಗ್ರಿ ಸೆಲ್ಸಿಯಸ್ ಬಿಸಿ. ಭಾರವಾದ ಎಣ್ಣೆ ಒಡೆದು ಪೆಟ್ರೋಲ್, ಗ್ಯಾಸ್ ಆಗಲು ಕೆಲವೇ ಸೆಕೆಂಡು ಸಾಕು. ಅಷ್ಟರಲ್ಲೇ ಕ್ಯಾಟಲಿಸ್ಟ್‌ನ ಮುಖ್ಯ ಹರಳಾದ ವೈ ಜಿಯೊಲೈಟ್‌ನಲ್ಲಿ ಎಣ್ಣೆ ಒಡೆಯುವ ಆಮ್ಲೀಯ ಜಾಗಗಳ ಮೇಲೆ ಕೋಕ್ ಕೂರುತ್ತದೆ, 0.74 ನ್ಯಾನೊಮೀಟರ್ ಅಗಲದ ಕಿಂಡಿಗಳು ಕಟ್ಟಿಕೊಳ್ಳುತ್ತವೆ. ತೂಕದ ಲೆಕ್ಕದಲ್ಲಿ ಶೇ. 1ರ ಆಸುಪಾಸು ಕೋಕ್, ಅಷ್ಟೇ. ರೀಜನರೇಟರ್‌ನಲ್ಲಿ 700 ಡಿಗ್ರಿ ಹತ್ತಿರ ಗಾಳಿ ಕೊಟ್ಟು ಸುಟ್ಟರೆ ಅದು ಹೋಗುತ್ತದೆ, ಚಟುವಟಿಕೆ ಮರಳುತ್ತದೆ. ಮರಳದಿದ್ದರೆ ಬೇರೆ ಕಾರಣ ಹುಡುಕಬೇಕು.

ಹುಡುಕಲು ಶುರು ಮಾಡುವುದೂ ಸುಡುವುದರಿಂದಲೇ. ಕಪ್ಪು ಪುಡಿಯನ್ನು ಅಗಲ ಬಟ್ಟಲಲ್ಲಿ ತೆಳ್ಳಗೆ ಹರಡಿ, ಮಫಲ್ ಕುಲುಮೆಯಲ್ಲಿ ನಿಧಾನವಾಗಿ ಬಿಸಿ ಏರಿಸುತ್ತೇನೆ. ದಪ್ಪಗೆ ಸುರಿದು ಗಬಕ್ಕನೆ ಕಾಯಿಸಬಾರದು. ಕೋಕ್‌ನಲ್ಲಿ ಹೈಡ್ರೋಜನ್ ಇರುತ್ತದೆ, ಉರಿದಾಗ ಅದು ನೀರಾವಿ ಆಗುತ್ತದೆ. ಆ ಆವಿ ಪುಡಿಯೊಳಗೇ ಸಿಕ್ಕಿಕೊಂಡರೆ ನಾವು ಅಳೆಯಬೇಕಾದ ಹರಳನ್ನು ನಾವೇ ಕೆಡಿಸಿದಂತೆ.

ರೀಜನರೇಟರ್‌ನಲ್ಲಿ ದಿನವಿಡೀ ನಡೆಯುವುದೂ ಇದೇ ಅಲ್ವಾ? ಅಲ್ಲಿಯ ಬಿಸಿ ಆವಿ ಜಿಯೊಲೈಟ್ ಚೌಕಟ್ಟಿನಿಂದ ಅಲ್ಯೂಮಿನಿಯಂ ಅನ್ನು ಕಿತ್ತು ಹಾಕುತ್ತದೆ. ಒಂದು ಅಲ್ಯೂಮಿನಿಯಂ ಹೋದರೆ ಒಂದು ಆಮ್ಲೀಯ ಜಾಗ ಹೋಯಿತು. ಇದನ್ನು ನೋಡಲು ಸುಟ್ಟ ಪುಡಿಗೆ ಚಿಟಿಕೆ ಸಿಲಿಕಾನ್ ಬೆರೆಸಿ, ಹರಳಿನ ರಚನೆ ತೋರಿಸುವ ಎಕ್ಸ್-ರೇ ಡಿಫ್ರ್ಯಾಕ್ಷನ್‌ಗೆ ಇಡುತ್ತೇನೆ. ಸಿಲಿಕಾನ್ ಗೆರೆ ಎಲ್ಲಿ ಬೀಳಬೇಕೆಂದು ಗೊತ್ತಿರುವುದರಿಂದ ಅಳತೆ ತಪ್ಪುವುದಿಲ್ಲ. ಹೊಸ ಕ್ಯಾಟಲಿಸ್ಟ್‌ನಲ್ಲಿ ಯೂನಿಟ್ ಸೆಲ್ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ತುಣುಕು) ಸುಮಾರು 24.5 ಆಂಗ್‌ಸ್ಟ್ರಾಮ್ ಇರುತ್ತದೆ. ಘಟಕದಲ್ಲಿ ಓಡಾಡಿದ ಮೇಲೆ 24.25ರ ಆಜುಬಾಜು ಬಂದು ನಿಲ್ಲುತ್ತದೆ. ಅಲ್ಯೂಮಿನಿಯಂ ಹೋದ ಹಾಗೆ ಆಗುವ ಈ ಕುಗ್ಗುವಿಕೆ ಮಾಮೂಲು. ಎಕ್ಸ್-ರೇ ಗ್ರಾಫಿನ ಪೀಕ್‌ಗಳೇ ಗಿಡ್ಡವಾಗಿ, ಜೊತೆಗೆ ಮೇಲ್ಮೈ ವಿಸ್ತೀರ್ಣವೂ ಬಿದ್ದಿದ್ದರೆ ನನಗೆ ದಿಗಿಲು. ಹಾಗಾದರೆ ಹರಳೇ ಕುಸಿದಿದೆ ಅಂತ ಅರ್ಥ.

ಆಗ ಎಣ್ಣೆಯ ಜೊತೆ ಬಂದು ಪುಡಿಗೆ ಅಂಟಿದ ಲೋಹಗಳ ವರದಿ ತರಿಸುತ್ತೇನೆ. ಹೆಚ್ಚಾಗಿ ಸಿಕ್ಕಿಬೀಳುವುದು ವನೇಡಿಯಂ. ಒಮ್ಮೆ ಸಂಶಯ ತೀರಿಸಿಕೊಳ್ಳಲು ಹೊಸ ಕ್ಯಾಟಲಿಸ್ಟನ್ನು ಮೂರು ಪಾಲು ಮಾಡಿದೆ. ಒಂದಕ್ಕೆ ಬರೀ ಆವಿ. ಇನ್ನೊಂದಕ್ಕೆ ವನೇಡಿಯಂ ನ್ಯಾಫ್ತೆನೇಟ್ ಹಚ್ಚಿ ಒಣ ಗಾಳಿ. ಮೂರನೆಯದಕ್ಕೆ ವನೇಡಿಯಂ, ಆವಿ ಎರಡೂ. ಒಣ ಗಾಳಿಯದ್ದು ಚೆನ್ನಾಗಿಯೇ ಉಳಿಯಿತು. ಬರೀ ಆವಿಯದ್ದು ಸ್ವಲ್ಪ ಸೊರಗಿತು. ಮೂರನೆಯದು ಮಳೆಗೆ ನೆನೆದ ಮಣ್ಣಿನ ಗೋಡೆಯ ಹಾಗೆ ಕುಸಿದಿತ್ತು, ಪೀಕ್ ಇದ್ದ ಕಡೆ ಬರೀ ದಿಬ್ಬ. ಆವಿ ಸಿಕ್ಕರೆ ವನೇಡಿಯಂ ಆಮ್ಲವಾಗಿ ಕಣದಿಂದ ಕಣಕ್ಕೆ ಅಲೆದು ಹರಳು ಕೆಡಿಸುತ್ತದೆ. ಸೋಡಿಯಂ ಇದ್ದರಂತೂ ಇನ್ನೂ ಕಷ್ಟ.

ನಿಕಲ್ ಹಾಗಲ್ಲ. ಬಿದ್ದಲ್ಲೇ ಕೂತು ಹೈಡ್ರೋಜನ್, ಕೋಕ್ ಹೆಚ್ಚಿಸುತ್ತದೆ, ಹರಳಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಅದನ್ನು ಸುಮ್ಮನಾಗಿಸಲು ಆಂಟಿಮನಿ ಸೇರಿಸಿದರೆ ಸಾಕು.

ವನೇಡಿಯಂಗೆ ಅಷ್ಟು ಸುಲಭದ ಮದ್ದಿಲ್ಲ. ಹೊಸ ಕ್ಯಾಟಲಿಸ್ಟ್ ಜಾಸ್ತಿ ಸೇರಿಸಬಹುದು, ಖರ್ಚು ಬರುತ್ತದೆ. ವನೇಡಿಯಂ ಹಿಡಿಯುವ ಟ್ರ್ಯಾಪ್ ಬೆರೆಸಬಹುದು. ನಾನು ಮೊದಲು ಕೇಳುವುದು ಮಾತ್ರ, ಪುಡಿಗೆ ಅಂಟಿದ ಎಣ್ಣೆ ಬಿಡಿಸುವ ಸ್ಟ್ರಿಪ್ಪರ್ ಹೇಗೆ ಓಡುತ್ತಿದೆ ಅಂತ. ಅಲ್ಲಿ ಎಣ್ಣೆ ಸರಿಯಾಗಿ ಬಿಡದೆ ಪುಡಿಯ ಜೊತೆ ರೀಜನರೇಟರ್‌ಗೆ ಹೋದರೆ ಬಿಸಿಯೂ ಏರುತ್ತದೆ, ಆವಿಯೂ ಏರುತ್ತದೆ. ಅದನ್ನು ಸರಿಪಡಿಸಲು ಹೊಸ ಪುಡಿ ಕೊಳ್ಳಬೇಕಾಗಿಲ್ಲ.