ಬೇಸ್‌ಬಾಲ್ ಕಾರ್ಡು, ಸಹಿ ಇರುವ ಚೆಂಡು: ಸಂಗ್ರಹ ಶುರು ಮಾಡುವುದು ಹೇಗೆ?

ಚಿಕ್ಕವನಿದ್ದಾಗ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚೀಟಿಗಳನ್ನು ಒಂದು ಬೂಸ್ಟ್ ಡಬ್ಬಿಯಲ್ಲಿ ತುಂಬಿಡುತ್ತಿದ್ದೆ. ಒಂದು ದೀಪಾವಳಿಗೆ ಮನೆ ಗುಡಿಸುವಾಗ ಅಮ್ಮ ಡಬ್ಬಿ ಸಮೇತ ಗುಜರಿಯವನಿಗೆ ಕೊಟ್ಟರು. ಅಮೆರಿಕಕ್ಕೆ ಬಂದ ಮೇಲೆ ಗೊತ್ತಾಯಿತು, ಇಲ್ಲಿನ ಅಮ್ಮಂದಿರೂ ಇದನ್ನೇ ಮಾಡಿದ್ದಾರೆ. 1950ರ ದಶಕದ ಬೇಸ್‌ಬಾಲ್ ಕಾರ್ಡುಗಳು ಇವತ್ತು ಇಷ್ಟು ದುಬಾರಿ ಆಗಿರುವುದಕ್ಕೆ ಅದೂ ಒಂದು ಕಾರಣ.

ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಗೆಳತಿಯೊಬ್ಬಳು ಕೊಟ್ಟ ಒಂದೇ ಒಂದು ಕಾರ್ಡಿನಿಂದ ನಮ್ಮ ಮನೆಗೆ ಈ ಹುಚ್ಚು ಹತ್ತಿತು. ಈಗ ನನಗೇ ಅವಳಿಗಿಂತ ಜಾಸ್ತಿ. ನಡುವೆ ಒಂದಷ್ಟು ದುಡ್ಡು ಕಳೆದುಕೊಂಡೆ. ನೀವು ಅಷ್ಟು ಕಳೆದುಕೊಳ್ಳುವುದು ಬೇಡ. ಮೊದಲೇ ಹೇಳಿಬಿಡುತ್ತೇನೆ: ಕಾರ್ಡನ್ನು ಬಿಡಿಯಾಗಿ ಕೊಳ್ಳಿ, ಸಹಿಯನ್ನು ಎದುರಿಗೇ ನಿಂತು ಹಾಕಿಸಿಕೊಳ್ಳಿ.

1. ಕಾರ್ಡನ್ನು ಓದಲು ಕಲಿಯಿರಿ

ಬೇಸ್‌ಬಾಲ್ ಕಾರ್ಡಿನ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಮುಂದೆ ಆಟಗಾರನ ಫೋಟೊ. ಹಿಂದೆ ಅವನ ಜಾತಕ: ಯಾವ ವರ್ಷ ಎಷ್ಟು ಪಂದ್ಯ, ಎಷ್ಟು ಹಿಟ್, ಎಷ್ಟು ಹೋಮ್ ರನ್. ಮೂಲೆಯಲ್ಲಿ ಕಾರ್ಡಿನ ನಂಬರು. ಆಟಗಾರನ ಮೊದಲ ಕಾರ್ಡಿಗೆ ‘ರೂಕಿ ಕಾರ್ಡ್’ ಎನ್ನುತ್ತಾರೆ. 2006ರಿಂದ ಈಚೆಗೆ ಅದರ ಮೇಲೆ ‘ಆರ್‌ಸಿ’ ಎಂಬ ಮುದ್ರೆ ಇರುತ್ತದೆ. ಒಬ್ಬ ಆಟಗಾರನ ನೂರು ಕಾರ್ಡು ಇದ್ದರೂ ಜನ ಹುಡುಕುವುದು ಅದನ್ನೇ.

ಪ್ರತಿ ವರ್ಷ ಫೆಬ್ರುವರಿಯಲ್ಲಿ, ಕಾರ್ಡು ಮುದ್ರಿಸುವ ಟಾಪ್ಸ್ ಕಂಪನಿಯ ‘ಸೀರೀಸ್ 1’ ಬರುತ್ತದೆ. ಒಳಗೆ ಯಾರಿದ್ದಾರೆ ಎಂದು ಕಾಣದ ಹಾಗೆ ಮುಚ್ಚಿದ ಪ್ಯಾಕುಗಳಲ್ಲಿ ಮಾರುತ್ತಾರೆ. ಈಚಿನ ವರ್ಷಗಳಲ್ಲಿ ಅದರಲ್ಲಿ 350 ಕಾರ್ಡು. ಇವೆಲ್ಲ ‘ಬೇಸ್’ ಕಾರ್ಡುಗಳು, ಅಂದರೆ ಮಾಮೂಲಿ. ಅದೇ ಫೋಟೊ, ಆದರೆ ಅಂಚು ಚಿನ್ನದ ಬಣ್ಣವೋ ನೀಲಿಯೋ ಆಗಿದ್ದರೆ ಅದು ‘ಪ್ಯಾರಲಲ್’. ಕೆಲವದರ ಮೇಲೆ 25/99 ಎಂದು ಸಣ್ಣಗೆ ಅಚ್ಚಾಗಿರುತ್ತದೆ. 99 ಮಾತ್ರ ಮುದ್ರಿಸಿದ್ದಾರೆ, ನಿಮ್ಮದು ಅದರಲ್ಲಿ 25ನೆಯದು ಎಂದು ಅರ್ಥ. 1/1 ಎಂದಿದ್ದರೆ ಪ್ರಪಂಚದಲ್ಲಿ ಅದೊಂದೇ.

ಅಂಥದ್ದೊಂದು 2024ರ ಕ್ರಿಸ್‌ಮಸ್ ದಿನ ಲಾಸ್ ಏಂಜಲಿಸ್ ಕಡೆಯ 11 ವರ್ಷದ ಹುಡುಗನ ಪ್ಯಾಕಿನಲ್ಲಿ ಸಿಕ್ಕಿತು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪಾಲ್ ಸ್ಕೀನ್ಸ್ ಕಾರ್ಡು. ಸ್ಕೀನ್ಸ್‌ನ ಮೊದಲ ಪಂದ್ಯದ ಜೆರ್ಸಿ ಮೇಲಿದ್ದ ಬಟ್ಟೆಯ ಬಿಲ್ಲೆಯೇ (ಪ್ಯಾಚ್) ಅದರಲ್ಲಿತ್ತು, ಸಹಿಯೂ ಇತ್ತು. ತಂಡದವರು ಅದಕ್ಕೆ ಬದಲಾಗಿ 30 ವರ್ಷದ ಸೀಸನ್ ಟಿಕೆಟ್ ಕೊಡುತ್ತೇವೆ ಎಂದರು. ಮನೆಯವರು ಹರಾಜಿಗೆ ಹಾಕಿದರು. 2025ರ ಮಾರ್ಚಿನಲ್ಲಿ 11 ಲಕ್ಷ ಡಾಲರ್ ದಾಟಿತು. ಈ ಸುದ್ದಿ ಬಂದ ವಾರ ನಮ್ಮ ಊರಿನ ಅಂಗಡಿಗಳಲ್ಲಿ ಒಂದು ಪ್ಯಾಕೂ ಉಳಿದಿರಲಿಲ್ಲ.

2. ಪ್ಯಾಕ್ ಒಡೆಯುವ ಚಟ ಹತ್ತಿಸಿಕೊಳ್ಳಬೇಡಿ

ಪ್ಯಾಕ್ ಒಡೆಯುವುದರಲ್ಲಿ ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಲಾಟರಿ. ಪ್ಯಾಕಿನ ಹಿಂದೆ ಸಣ್ಣ ಅಕ್ಷರದಲ್ಲಿ ಯಾವ ಬಗೆಯ ಕಾರ್ಡು ಎಷ್ಟು ಪ್ಯಾಕಿಗೊಂದು ಸಿಗುತ್ತದೆ ಎಂದು ಬರೆದಿರುತ್ತಾರೆ. ಮಕ್ಕಳಿಂದ ಅದನ್ನು ಗಟ್ಟಿಯಾಗಿ ಓದಿಸಿ. ಒಳ್ಳೆಯ ಗಣಿತದ ಪಾಠ. ಅಂತರ್ಜಾಲದಲ್ಲಿ, ದುಡ್ಡು ಕಟ್ಟಿದವರ ಪರವಾಗಿ ಲೈವ್ ಆಗಿ ಕಾರ್ಡಿನ ಡಬ್ಬ ಒಡೆದು ತೋರಿಸುವ ‘ಬ್ರೇಕ್’ಗಳಿಗಂತೂ ಮಕ್ಕಳನ್ನು ಹತ್ತಿರ ಬಿಡಬೇಡಿ.

ಹುಟ್ಟುಹಬ್ಬಕ್ಕೆ ಒಂದೆರಡು ಪ್ಯಾಕ್ ಸಾಕು. ಉಳಿದದ್ದನ್ನು ಕಾರ್ಡ್ ಅಂಗಡಿಗೆ ಹೋಗಿ ಬಿಡಿಯಾಗಿ ಕೊಳ್ಳಿ. ಅಲ್ಲಿ ಉದ್ದದ ರಟ್ಟಿನ ಡಬ್ಬಗಳಲ್ಲಿ ಕಾರ್ಡು ಜೋಡಿಸಿಟ್ಟಿರುತ್ತಾರೆ. ಒಂದರಲ್ಲಿ ಏನು ತೆಗೆದರೂ ಕಾಲು ಡಾಲರ್, ಇನ್ನೊಂದರಲ್ಲಿ ಒಂದು ಡಾಲರ್. ಹಳೇ ಪುಸ್ತಕದಂಗಡಿಯಲ್ಲಿ ಕೂತ ಹಾಗೆ ಕೂತು ಹುಡುಕಬೇಕು. 20 ಡಾಲರ್‌ಗೆ ನಿಮಗೆ ಬೇಕಾದ ಇಪ್ಪತ್ತು ಆಟಗಾರರೇ ಸಿಗುತ್ತಾರೆ. ಅದೇ ದುಡ್ಡಿಗೆ ಪ್ಯಾಕ್ ಕೊಂಡರೆ ಯಾರು ಸಿಗುತ್ತಾರೋ ದೇವರಿಗೇ ಗೊತ್ತು.

ಒಂದು ಎಳೆ ಹಿಡಿದು ಕೂಡಿಸಿ. ಒಂದೇ ತಂಡ, ಇಲ್ಲವೇ ಒಬ್ಬನೇ ಆಟಗಾರ, ಇಲ್ಲವೇ ನೀವು ಹುಟ್ಟಿದ ವರ್ಷ. ಮಗಳ ಗುಂಪಿನ ಭಾರತೀಯ ಮಕ್ಕಳಿಗೆಲ್ಲ ಟೆಕ್ಸಸ್ ರೇಂಜರ್ಸ್‌ನ ಕುಮಾರ್ ರಾಕರ್ ಬೇಕು. ತಾಯಿಯ ಕಡೆಯಿಂದ ಭಾರತ ಮೂಲದ ಪಿಚರ್, ಅಂದರೆ ಚೆಂಡು ಎಸೆಯುವವನು. 2024ರ ಸೆಪ್ಟೆಂಬರಿನಲ್ಲಿ ದೊಡ್ಡ ಲೀಗಿಗೆ, ಅಂದರೆ ಅಮೆರಿಕದ ಬೇಸ್‌ಬಾಲಿನ ಅತಿ ಮೇಲಿನ ಮಟ್ಟವಾದ ಮೇಜರ್ ಲೀಗಿಗೆ ಬಂದ. ಜೆರ್ಸಿ ಮೇಲೆ ‘ರಾಕರ್’ ಅಂತಷ್ಟೇ ಇರುತ್ತದೆ, ಮಕ್ಕಳಿಗೆ ಖುಷಿ ಕೊಡುವುದು ಕಾರ್ಡಿನ ಮೇಲಿನ ‘ಕುಮಾರ್’.

ಇನ್ನು ನನ್ನ ಪೆದ್ದತನ. ಶುರುವಿನಲ್ಲಿ ಒಂದು ಗ್ಯಾರೇಜ್ ಸೇಲಿನಲ್ಲಿ (ಮನೆಯವರೇ ಹಳೇ ಸಾಮಾನು ಮಾರುವ ಕಡೆ) 1988ರಿಂದ 1991ರ ತನಕದ ಕಾರ್ಡುಗಳ ಒಂದು ದೊಡ್ಡ ಪೆಟ್ಟಿಗೆ ಸಿಕ್ಕಿತು. 60 ಡಾಲರ್. ಮೂವತ್ತು ವರ್ಷ ಹಳೆಯದು, ನಿಧಿ ಸಿಕ್ಕಿತು ಅಂದುಕೊಂಡೆ. ಕಾರ್ಡ್ ಅಂಗಡಿಯವರು ಮುಚ್ಚಳ ತೆಗೆದು ನೋಡಿ, ಮೆಲ್ಲಗೆ ಮುಚ್ಚಿ, “ಚಳಿಗಾಲಕ್ಕೆ ಒಲೆಗೆ ಹಾಕಿ” ಎಂದರು. ಆ ಕಾಲಕ್ಕೆ ‘ಜಂಕ್ ವ್ಯಾಕ್ಸ್’ ಎಂದೇ ಹೆಸರು, ಅಂದರೆ ಮೇಣದ ಕಾಗದದ ಪ್ಯಾಕಿನಲ್ಲಿ ಬಂದ ಕಸ. 1981ರಲ್ಲಿ ಫ್ಲೀರ್, ಡಾನ್‌ರಸ್ ಕಂಪನಿಗಳೂ ಮೈದಾನಕ್ಕಿಳಿದವು, ಆಮೇಲೆ ಇನ್ನೂ ಕೆಲವರು. ಎಲ್ಲರೂ ಲೆಕ್ಕವಿಲ್ಲದಷ್ಟು ಮುದ್ರಿಸಿದರು. ಮುಂದೆ ಬೆಲೆ ಬರುತ್ತದೆ ಎಂದು ಜನ ಜೋಪಾನವಾಗಿ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟರೆ ಬೆಲೆ ಎಲ್ಲಿಂದ ಬರಬೇಕು, ಅಲ್ವಾ?

1952ರ ಕಥೆ ಇದಕ್ಕೆ ತಲೆಕೆಳಗು. ಆ ವರ್ಷದ ಟಾಪ್ಸ್ ಕಾರ್ಡುಗಳ ಕೊನೆಯ ಕಂತು ಮಾರಾಟವಾಗದೆ ಗೋದಾಮಿನಲ್ಲಿ ಕೊಳೆಯುತ್ತಿತ್ತು. ಆ ಕಾರ್ಡುಗಳನ್ನು ವಿನ್ಯಾಸ ಮಾಡಿದ್ದ ಸೈ ಬರ್ಗರ್ ಅವರೇ 1960ರಲ್ಲಿ ಪೆಟ್ಟಿಗೆಗಟ್ಟಲೆ ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ನ್ಯೂಯಾರ್ಕ್ ಯಾಂಕೀಸ್ ತಂಡದ ದೊಡ್ಡ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡು ಆ ಕಂತಿನಲ್ಲೇ ಇತ್ತು. ಉಳಿದ ಮ್ಯಾಂಟಲ್ ಕಾರ್ಡುಗಳಲ್ಲಿ ಒಂದು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತು.

3. ಮನೆಗೆ ಬಂದ ಕಾರ್ಡಿಗೆ ಅಂಗಿ ತೊಡಿಸಿ

ಮೊದಲು ತೆಳ್ಳಗಿನ ಪ್ಲಾಸ್ಟಿಕ್ ಚೀಲ. ಅದಕ್ಕೆ ‘ಪೆನ್ನಿ ಸ್ಲೀವ್’ ಎನ್ನುತ್ತಾರೆ. ಅದರ ಮೇಲೆ ಗಟ್ಟಿ ‘ಟಾಪ್‌ಲೋಡರ್’. ಚೀಲಕ್ಕೆ ಹಾಕುವಾಗಲೇ ಕಾರ್ಡಿನ ಮೂಲೆ ಮಡಚಿಕೊಳ್ಳುವುದು ಜಾಸ್ತಿ. ಒಂದು ಉಪಾಯ ಇದೆ. ಚೀಲದ ಬಾಯಿಯ ಒಂದು ತುದಿಯನ್ನು ಕತ್ತರಿಯಿಂದ ಅರ್ಧ ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ. ಬಾಯಿ ಅಗಲವಾಗಿ ತೆರೆದುಕೊಳ್ಳುತ್ತದೆ, ಮೂಲೆ ತಾಗುವುದಿಲ್ಲ. ಕೊನೆಗೆ ಟಾಪ್‌ಲೋಡರ್ ಬಾಯಿಗೆ ಗೋಡೆ ಪೇಂಟ್ ಮಾಡುವವರು ಬಳಸುವ ನೀಲಿ ಟೇಪು. ಮಾಮೂಲಿ ಸೆಲ್ಲೋ ಟೇಪು ಬೇಡ, ಅಂಟು ಉಳಿಯುತ್ತದೆ. ರಬ್ಬರ್ ಬ್ಯಾಂಡ್ ಹಾಕಿದಿರೋ, ಅಂಚು ಹೋಯಿತು ಎಂದೇ ಲೆಕ್ಕ.

ಮಾಮೂಲಿ ಕಾರ್ಡುಗಳಿಗೆ ಒಂಬತ್ತು ಜೇಬಿನ ಹಾಳೆಗಳಿರುವ ಬೈಂಡರ್ ಸಾಕು. ಹಾಳೆ ಪಿವಿಸಿ ಇಲ್ಲದ್ದೇ ಎಂದು ನೋಡಿ ಕೊಳ್ಳಿ.

ಪಿಎಸ್‌ಎ, ಎಸ್‌ಜಿಸಿ, ಬೆಕೆಟ್‌ನಂಥ ಕಂಪನಿಗಳು ಕಾರ್ಡನ್ನು ಪರೀಕ್ಷಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತವೆ. ಇದು ಗ್ರೇಡಿಂಗ್. ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವಿಗೆ ಕೂತಿದೆಯೇ ಎಂದೆಲ್ಲ ನೋಡುತ್ತಾರೆ. ಎರಡು ಡಾಲರ್ ಕಾರ್ಡಿಗೆ ಅದರ ಹತ್ತು ಪಟ್ಟು ಶುಲ್ಕ ಕೊಟ್ಟು ಸರ್ಟಿಫಿಕೇಟ್ ತರುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

4. ಸಹಿಗೆ ಬೇಕಾದದ್ದು ದುಡ್ಡಲ್ಲ, ಬೆಳಗಿನ ಹೊತ್ತು

ನನ್ನ ಮಟ್ಟಿಗೆ ಹವ್ಯಾಸದ ರುಚಿ ಇರುವುದೇ ಇಲ್ಲಿ. ಫೆಬ್ರುವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ ಮೇಜರ್ ಲೀಗಿನ 30 ತಂಡಗಳಲ್ಲಿ 15 ಅರಿಜೋನಾದಲ್ಲಿ, 15 ಫ್ಲಾರಿಡಾದಲ್ಲಿ ತಾಲೀಮು ನಡೆಸುತ್ತವೆ. ಇದೇ ‘ಸ್ಪ್ರಿಂಗ್ ಟ್ರೇನಿಂಗ್’. ನಮ್ಮ ಕಡೆ ಫೀನಿಕ್ಸ್ ಸುತ್ತಮುತ್ತಲೇ ಹದಿನೈದೂ ತಂಡ. ಮೇಸಾದಲ್ಲಿ ಕಬ್ಸ್, ಗ್ಲೆಂಡೇಲ್‌ನಲ್ಲಿ ಡಾಜರ್ಸ್, ಸರ್‌ಪ್ರೈಸ್ ಎಂಬ ಊರಿನಲ್ಲಿ ರೇಂಜರ್ಸ್.

ಪಂದ್ಯದ ಟಿಕೆಟ್ ತೆಗೆದುಕೊಂಡು ಆಟ ಶುರುವಾಗುವ ಹೊತ್ತಿಗೆ ಹೋದರೆ ಏನೂ ಸಿಗುವುದಿಲ್ಲ. ಬೆಳಿಗ್ಗೆ ತಾಲೀಮಿನ ಮೈದಾನಗಳ ಹತ್ತಿರ ಹೋಗಿ. ಎಲ್ಲಿ, ಎಷ್ಟು ಹೊತ್ತಿಗೆ ಒಳಗೆ ಬಿಡುತ್ತಾರೆ ಎಂದು ಮೊದಲೇ ವಿಚಾರಿಸಿ, ತಂಡದಿಂದ ತಂಡಕ್ಕೆ ಬೇರೆ. ಆಟಗಾರರು ಒಂದು ಮೈದಾನದಿಂದ ಇನ್ನೊಂದಕ್ಕೆ ನಡೆದು ಹೋಗುವ ದಾರಿಯ ಪಕ್ಕ, ಹಗ್ಗದ ಈಚೆ ನಿಂತುಕೊಳ್ಳಿ. ಒಳಗೆ ಹೋಗುವಾಗ ಕೆಲಸದ ಗಡಿಬಿಡಿ. ಮುಗಿಸಿ ಬರುವಾಗ ನಿಲ್ಲುತ್ತಾರೆ.

ತಂಡದ ಹೆಸರು ಪಟ್ಟಿಯನ್ನು ಮುದ್ರಿಸಿಕೊಂಡು ಹೋಗಿ. ಬೆನ್ನ ಮೇಲೆ 70, 80ರ ನಂಬರು ಹೊತ್ತ ಹುಡುಗರನ್ನು ಯಾರೂ ಕರೆಯುವುದಿಲ್ಲ, ಹೆಸರೇ ಗೊತ್ತಿರುವುದಿಲ್ಲ. ನೀವು ಹೆಸರು ಹಿಡಿದು ಕರೆದರೆ ಗಕ್ಕನೆ ನಿಲ್ಲುತ್ತಾರೆ. ನಮ್ಮ ಮೊದಲ ಸಹಿ ಹಾಗೆ ಸಿಕ್ಕಿತು. ಎಂಬತ್ತರ ಮೇಲಿನ ನಂಬರು, ಹತ್ತೊಂಬತ್ತಿಪ್ಪತ್ತು ವಯಸ್ಸು, ಮೊಣಕಾಲಿನ ತನಕ ಕೆಂಧೂಳು. “ಹೆಸರೇನು?” ಎಂದ. ಮಗಳು “ಭೂಮಿಕಾ” ಎಂದು ಅಕ್ಷರ ಬಿಡಿಸಿ ಹೇಳತೊಡಗಿದಳು. ಹಿಂದಿನವರ ಕೂಗಾಟದಲ್ಲಿ ಅವನಿಗೆ ಮೊದಲ ಕೆಲವು ಅಕ್ಷರವಷ್ಟೇ ಕೇಳಿಸಿತು. ಚೆಂಡಿನ ಮೇಲೆ “ಭೂಮಿಗೆ” ಎಂದು ಬರೆದುಕೊಟ್ಟು ಹೋದ.

ಹೆಸರು ಬರೆಸಿದರೆ ಮಾರುವಾಗ ಬೆಲೆ ಕಡಿಮೆ ಎಂದು ವ್ಯಾಪಾರಿಗಳು ಹೇಳುತ್ತಾರೆ. ಬರೆಸಿ ಅಂತಲೇ ನಾನು ಹೇಳುವುದು. ಇವರು ಮಾರುವವರಲ್ಲ ಎಂದು ಆಟಗಾರರಿಗೂ ಗೊತ್ತಾಗುತ್ತದೆ.

ಒಬ್ಬರ ಹತ್ತಿರ ಒಂದೇ ವಸ್ತು. “ಪ್ಲೀಸ್”, “ಥ್ಯಾಂಕ್ಸ್” ಮರೆಯಬೇಡಿ. ಊಟ ಮಾಡುತ್ತಿದ್ದವರನ್ನು, ಮಕ್ಕಳ ಜೊತೆ ಇದ್ದವರನ್ನು ಸುಮ್ನೆ ಬಿಟ್ಟುಬಿಡಿ. ಸಿಗದಿದ್ದರೆ ಅಕ್ಟೋಬರಿನಲ್ಲಿ ‘ಅರಿಜೋನಾ ಫಾಲ್ ಲೀಗ್’ ಶುರುವಾಗುತ್ತದೆ. ಆರು ತಂಡ, ಎಲ್ಲ ನಾಳೆಯ ಆಟಗಾರರು, ಗ್ಯಾಲರಿ ಅರ್ಧ ಖಾಲಿ. ಬೇರೆ ರಾಜ್ಯದಲ್ಲಿ ಇರುವವರಿಗೆ ಮೈನರ್ ಲೀಗ್ ಇದೆ. ದೊಡ್ಡ ಲೀಗಿನ ಒಂದೊಂದು ತಂಡದ ಕೈಕೆಳಗೂ ನಾಲ್ಕು, ಒಟ್ಟು 120 ತಂಡ. ಒಂದಾದರೂ ನಿಮ್ಮ ಊರಿನ ಹತ್ತಿರ ಇದ್ದೀತು.

5. ಪೆನ್ನು ತಪ್ಪಿದರೆ ಎಲ್ಲ ತಪ್ಪಿತು

ಚೆಂಡಿಗೆ ನೀಲಿ ಬಾಲ್ ಪೆನ್ನು. ಬೇರೆ ಏನೂ ಬೇಡ. ಬೇಸ್‌ಬಾಲ್ ಚೆಂಡಿನ ಹೊದಿಕೆ ಚರ್ಮ. ಅದರ ಮೇಲೆ ಶಾರ್ಪಿ ಮಾರ್ಕರ್‌ನಲ್ಲಿ ಬರೆದರೆ ಶಾಯಿ ಒಳಗೆ ಇಳಿದು, ಒದ್ದೆ ಕಾಗದದ ಮೇಲೆ ಬರೆದ ಹಾಗೆ ಹರಡಿಕೊಳ್ಳುತ್ತದೆ. ಕಾರ್ಡಿಗೆ, ಫೋಟೊಗೆ ಮಾತ್ರ ಶಾರ್ಪಿ. ಹೊಳಪಿನ ಕಾರ್ಡಾದರೆ ಹಿಂದಿನ ದಿನವೇ ಸ್ವಲ್ಪ ಬೇಬಿ ಪೌಡರ್ ಹಚ್ಚಿ ಮೆತ್ತನೆ ಬಟ್ಟೆಯಿಂದ ಒರೆಸಿಡಿ. ಇಲ್ಲದಿದ್ದರೆ ಶಾಯಿ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಹನಿಹನಿಯಾಗುತ್ತದೆ.

ಚೆಂಡಿನಲ್ಲಿ ಕೆಂಪು ದಾರದ 108 ಜೋಡಿ ಹೊಲಿಗೆ ಇರುತ್ತದೆ. ಎರಡು ಹೊಲಿಗೆ ಸಾಲುಗಳು ತೀರಾ ಹತ್ತಿರ ಬರುವ ಜಾಗಕ್ಕೆ ‘ಸ್ವೀಟ್ ಸ್ಪಾಟ್’ ಎಂದು ಹೆಸರು. ಒಬ್ಬರದೇ ಸಹಿ ಆದರೆ ಅಲ್ಲೇ ಹಾಕಿಸಿ. ಇಡೀ ತಂಡದ ಸಹಿ ಹಾಕಿಸುವ ಆಸೆ ಇದ್ದರೆ ಆ ಜಾಗವನ್ನು ಮ್ಯಾನೇಜರ್‌ಗೆ, ಅಂದರೆ ತಂಡದ ಮುಖ್ಯ ಕೋಚ್‌ಗೆ ಬಿಡುವುದು ರೂಢಿ. ಪೆನ್ನಿನ ಮುಚ್ಚಳ ತೆಗೆದು, ಆ ಜಾಗ ಮೇಲೆ ಬರುವ ಹಾಗೆ ತಿರುಗಿಸಿ ಕೊಡಿ. ಸಿಗುವುದು ನಾಲ್ಕೇ ಸೆಕೆಂಡು.

6. ದೂರ ಇದ್ದರೆ ಅಂಚೆ

ಒಂದು ಕಾರ್ಡು, ಕೈಬರಹದ ಅರ್ಧ ಪುಟದ ಪತ್ರ, ನಿಮ್ಮ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಇನ್ನೊಂದು ಕವರು. ಇಷ್ಟನ್ನು ಆಟಗಾರನ ಹೆಸರಿಗೆ, ತಂಡದ ವಿಳಾಸಕ್ಕೆ ಕಳಿಸಿ. ಸ್ಪ್ರಿಂಗ್ ಟ್ರೇನಿಂಗ್ ಹೊತ್ತಿನಲ್ಲಿ ಕಳಿಸಿದರೆ ಉತ್ತರ ಬರುವ ಸಂಭವ ಜಾಸ್ತಿ. ಎರಡು ವಾರಕ್ಕೂ ಬರಬಹುದು, ಎರಡು ವರ್ಷಕ್ಕೂ ಬರಬಹುದು, ಬರದೆಯೂ ಇರಬಹುದು. ಕಳೆದರೆ ಅಳು ಬರುವಂಥ ಕಾರ್ಡನ್ನು ಕಳಿಸಬೇಡಿ. ಊರಿನಿಂದ ಬರೆಯುವವರಿಗೆ ಒಂದು ತೊಡಕು: ವಾಪಸ್ ಕವರಿಗೆ ಅಮೆರಿಕದ ಸ್ಟಾಂಪೇ ಬೇಕು. ಇಲ್ಲಿರುವ ನೆಂಟರನ್ನು ಕೇಳಿ.

7. ಕೊಳ್ಳಲೇಬೇಕು ಅಂತಿದ್ದರೆ

1990ರ ದಶಕದ ಕೊನೆಗೆ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ನಕಲಿ ಸಹಿಗಳ ದೊಡ್ಡ ಜಾಲವನ್ನೇ ಹಿಡಿಯಿತು. ಸ್ಯಾನ್ ಡಿಯೇಗೊ ತಂಡದ ದೊಡ್ಡ ಆಟಗಾರ ಟೋನಿ ಗ್ವಿನ್, ತಮ್ಮ ತಂಡದ ಅಂಗಡಿಯಲ್ಲೇ ತಮ್ಮ ಖೋಟಾ ಸಹಿಯನ್ನು ಕಂಡಿದ್ದರು. ಸಿಕ್ಕಿದ ಮಾಲಿನಲ್ಲಿ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಚೆಂಡೂ ಇತ್ತು! ಕೋಲ್ಕತ್ತದಲ್ಲಿ ಯಾರು ಅವರಿಗೆ ಚೆಂಡು, ಪೆನ್ನು ಕೊಟ್ಟಿದ್ದರೋ, ಕೊಂಡವರು ಕೇಳಲಿಲ್ಲ.

ಇದಾದ ಮೇಲೆ 2001ರಲ್ಲಿ ಮೇಜರ್ ಲೀಗ್ ತನ್ನದೇ ವ್ಯವಸ್ಥೆ ಶುರು ಮಾಡಿತು. ಸಹಿ ಹಾಕುವುದನ್ನು ಅವರ ಕಡೆಯವರೊಬ್ಬರು ಕಣ್ಣಾರೆ ನೋಡಿ, ವಸ್ತುವಿಗೆ ನಂಬರಿರುವ ಹೊಲೊಗ್ರಾಮ್ ಅಂಟಿಸುತ್ತಾರೆ. ಆ ನಂಬರನ್ನು ಲೀಗಿನ ಜಾಲತಾಣದಲ್ಲಿ ಹಾಕಿ ನೋಡಬಹುದು. ಹೊಸ ಆಟಗಾರರ ಸಹಿ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಅಂಗಡಿಯವನೇ ಬರೆದುಕೊಟ್ಟ ‘ಸರ್ಟಿಫಿಕೇಟ್’ಗೆ ಕಾಗದದ ಬೆಲೆಯೂ ಇಲ್ಲ. ಹಳೇ ಕಾರ್ಡಿನಲ್ಲೂ ಹುಷಾರು. ಟಾಪ್ಸ್‌ನವರೇ 1952ರ ಕಾರ್ಡುಗಳನ್ನು 1983ರಲ್ಲಿ ಮತ್ತೆ ಮುದ್ರಿಸಿದ್ದಾರೆ. ಅದು ಮೋಸವಲ್ಲ, ಆದರೆ ಅದನ್ನು ಹಳೆಯದು ಎಂದು ಮಾರುವವರು ಇದ್ದಾರೆ.

ಪ್ಯಾಕಿನಲ್ಲಿ ಬರುವ ಸಹಿ ಕಾರ್ಡುಗಳಲ್ಲೂ ಎರಡು ಬಗೆ. ಕೆಲವದರಲ್ಲಿ ಆಟಗಾರ ಕಾರ್ಡಿನ ಮೇಲೇ ಬರೆದಿರುತ್ತಾನೆ. ಕೆಲವದರಲ್ಲಿ ಪಾರದರ್ಶಕ ಸ್ಟಿಕರ್ ಹಾಳೆಗೆ ಸಾಲಾಗಿ ಸಹಿ ಹಾಕಿ ಕಳಿಸಿರುತ್ತಾನೆ, ಕಂಪನಿಯವರು ಅಂಟಿಸಿರುತ್ತಾರೆ. ಓರೆಯಾಗಿ ಹಿಡಿದರೆ ಸ್ಟಿಕರಿನ ಅಂಚು ಕಾಣುತ್ತದೆ. ಮೊದಲನೆಯದಕ್ಕೇ ಮರ್ಯಾದೆ ಜಾಸ್ತಿ.

8. ಬಿಸಿಲಿಗೆ ಇಡಬೇಡಿ

ಸಹಿಗೆ ಬಿಸಿಲು ಶತ್ರು. ಚೆಂಡನ್ನು ಬಿಸಿಲು ಬೀಳದ ಕಡೆ, ಯುವಿ ತಡೆಯುವ ಚೌಕದ ಡಬ್ಬಿಯಲ್ಲಿಡಿ. ಬರಿಗೈಯಲ್ಲಿ ಸವರುತ್ತಿರಬೇಡಿ, ಕೈಬೆವರಿಗೆ ಚರ್ಮ ಹಳದಿಯಾಗುತ್ತದೆ. ಯಾವ ದಿನ, ಯಾವ ಮೈದಾನ, ಯಾರ ಸಹಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತು ಚೆಂಡಾದ ಮೇಲೆ ಅವರ ಗೀಚು ನಿಮಗೇ ಓದಲು ಬರುವುದಿಲ್ಲ.

ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ‘ಭೂಮಿಗೆ’ ಚೆಂಡನ್ನು ಮಗಳು ಎಲ್ಲರಿಗೂ ಕಾಣಲಿ ಎಂದು ಪಶ್ಚಿಮದ ಕಿಟಕಿಯಲ್ಲಿ ಇಟ್ಟಿದ್ದಳು. ಅರಿಜೋನಾದ ಒಂದೇ ಬೇಸಿಗೆ ಸಾಕಾಯಿತು. ಆಗಸ್ಟ್ ಹೊತ್ತಿಗೆ ನೀಲಿ ಹೋಗಿ ತಿಳಿ ಕಂದು, ದಸರಾ ಹೊತ್ತಿಗೆ ಅದೂ ಇಲ್ಲ. ಈಗ ಆ ಚೆಂಡು ಬಟ್ಟೆ ಕಪಾಟಿನಲ್ಲಿ, ಅವಳ ಅಜ್ಜಿ ಕಳಿಸಿದ ರೇಷ್ಮೆ ಲಂಗದ ಪಕ್ಕ ಇದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಚರ್ಮದ ಮೇಲೆ ಪೆನ್ನು ಒತ್ತಿದ ಗೆರೆ ಮಾತ್ರ ಇನ್ನೂ ಕಾಣುತ್ತದೆ.