ಮಗು ಎಷ್ಟನೇ ಕ್ಲಾಸು? ಸ್ಪ್ಯಾನಿಷ್ ಮಾತಾಡುವ ದೇಶಗಳಿಗೆ ಬಂದ ಹೊಸಬರಿಗೆ

ಬೆಂಗಳೂರಿನಿಂದ ಮೆಕ್ಸಿಕೊದ ಮಾಂಟೆರೇ, ಗ್ವಾಡಲಹಾರಾ, ಸ್ಪೇನ್‌ನ ಮ್ಯಾಡ್ರಿಡ್ ಕಡೆ ಕೆಲಸಕ್ಕೆ ಬರುವವರು ಆ್ಯಪ್‌ನಲ್ಲಿ ಒಂದಿಷ್ಟು ಸ್ಪ್ಯಾನಿಷ್ ಕಲಿತೇ ಬಂದಿರುತ್ತಾರೆ. ತರಕಾರಿ ಕೊಳ್ಳಲು, ಟ್ಯಾಕ್ಸಿ ಹಿಡಿಯಲು ಅಷ್ಟು ಸಾಕು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮಾತ್ರ ಅದು ಕೈಕೊಡುತ್ತದೆ, ಏಕೆಂದರೆ ಭಾಷೆ ಒಂದೇ ಆದರೂ ಕ್ಲಾಸಿನ ಲೆಕ್ಕ ದೇಶಕ್ಕೊಂದು ಥರ.

‘ಏಳನೇ ಕ್ಲಾಸು’ ಎಂಬುದನ್ನು ಹಾಗೇ ಸ್ಪ್ಯಾನಿಷ್‌ಗೆ ತಿರುಗಿಸಿ ಹೇಳಬೇಡಿ. ಹಂತದ ಹೆಸರು, ಆ ಹಂತದಲ್ಲಿ ಎಷ್ಟನೇ ವರ್ಷ, ಮಗುವಿನ ವಯಸ್ಸು, ಈ ಮೂರನ್ನೂ ಒಟ್ಟಿಗೆ ಹೇಳಿ.

ಮೆಕ್ಸಿಕೊದಲ್ಲಿ ಎಲ್‌ಕೆಜಿ, ಯುಕೆಜಿಗೆ ಪ್ರೆಎಸ್ಕೊಲಾರ್ ಅಥವಾ ಕಿಂದೆರ್ ಎನ್ನುತ್ತಾರೆ. ಆಮೇಲೆ ಪ್ರಿಮಾರಿಯಾ 6 ವರ್ಷ, ಸೆಕುಂದಾರಿಯಾ 3, ಪ್ರೆಪರತೋರಿಯಾ 3. ಈ ಕೊನೆಯದನ್ನು ಎಲ್ಲರೂ ಕರೆಯುವುದು ಪ್ರೆಪಾ ಎಂದೇ. ಹಾಗಾಗಿ ನಮ್ಮ ಏಳನೇ ಕ್ಲಾಸು ಅಲ್ಲಿ ‘ಪ್ರಿಮೇರೋ ದೆ ಸೆಕುಂದಾರಿಯಾ’. ಬರೀ ‘ಪ್ರಿಮೇರೋ’ ಎಂದರೆ ಯಾವ ಹಂತದ ಮೊದಲ ವರ್ಷ ಎಂದು ಎದುರಿನವರು ಮತ್ತೆ ಕೇಳಲೇಬೇಕಾಗುತ್ತದೆ. ಅಲ್ಲಿನ ಸೆಕುಂದಾರಿಯಾ ನಮ್ಮ ಒಂಬತ್ತಕ್ಕೇ ಮುಗಿಯುತ್ತದೆ, ಎಸ್‌ಎಸ್‌ಎಲ್‌ಸಿ ವರ್ಷ ಪ್ರೆಪಾದ ಮೊದಲ ವರ್ಷಕ್ಕೆ ಬೀಳುತ್ತದೆ. ಹತ್ತು ಮುಗಿಸಿ ಬಂದ ಮಕ್ಕಳನ್ನು ಒಂದು ವರ್ಷ ಹಿಂದೆ ಕೂರಿಸುವ ಎಡವಟ್ಟು ಆಗುವುದು ಇಲ್ಲೇ. ಅನೇಕ ಪ್ರೆಪಾಗಳಲ್ಲಿ ವರ್ಷದ ಬದಲು ಸೆಮಿಸ್ಟರ್ ಲೆಕ್ಕ: ‘ಕ್ವಾರ್ತೋ ಸೆಮೆಸ್ತ್ರೆ’ (ನಾಲ್ಕನೇ ಸೆಮಿಸ್ಟರ್) ಎಂದರೆ ಹನ್ನೊಂದನೆಯ ಕ್ಲಾಸಿನ ದ್ವಿತೀಯಾರ್ಧ. ರಾಜಧಾನಿಯ ರಾಷ್ಟ್ರೀಯ ವಿಶ್ವವಿದ್ಯಾಲಯ ಉನಾಮ್‌ನ ಎಸ್ಕ್ವೇಲಾ ನಾಸಿಯೊನಾಲ್ ಪ್ರೆಪರತೋರಿಯಾದ್ದು ಇನ್ನೂ ವಿಚಿತ್ರ. ಸೆಕುಂದಾರಿಯಾದ ಮೂರನ್ನು ಮುಂದುವರಿಸಿ, ತನ್ನ ವರ್ಷಗಳನ್ನು ಅದು ನಾಲ್ಕು, ಐದು, ಆರು ಎಂದೇ ಎಣಿಸುತ್ತದೆ.

ಸ್ಪೇನ್‌ನ ಲೆಕ್ಕ ನಮಗೆ ಚೆನ್ನಾಗಿ ಹೊಂದುತ್ತದೆ. ಪ್ರಿಮಾರಿಯಾ 6, ‘ಎಸೋ’ (ಕಡ್ಡಾಯ ಪ್ರೌಢಶಿಕ್ಷಣ) 4, ಬಚಿಯೆರಾತೋ 2. ನಾಲ್ಕನೇ ಎಸೋ ಅಂದರೆ ನಮ್ಮ ಹತ್ತು, ಬಚಿಯೆರಾತೋ ಅಂದರೆ ಪಿಯುಸಿ. ಪ್ರಿಮಾರಿಯಾ ನಡೆಯುವುದು ಕೊಲೆಹಿಯೋದಲ್ಲಿ, ಎಸೋದಿಂದ ಮುಂದಿನದು ಸರ್ಕಾರಿಯಾದರೆ ಇನ್ಸ್ತಿತೂತೋದಲ್ಲಿ. ‘ನನ್ನ ಮಗಳು ಕಾಲೇಜಿಗೆ ಹೋಗ್ತಾಳೆ’ ಎನ್ನಲು ಹೋಗಿ ಕೊಲೆಹಿಯೋ ಎಂದರೆ, ಕೇಳಿದವರ ತಲೆಗೆ ಬರುವುದು ಚಿಕ್ಕ ಮಕ್ಕಳ ಶಾಲೆ. ಪ್ರಿಮಾರಿಯಾ ಮತ್ತು ಎಸೋಗೆ ಸೇರಿಸುವಾಗ ಭಾರತದ ಮಾರ್ಕ್ಸ್ ಕಾರ್ಡಿಗೆ ಮಾನ್ಯತೆ ಮಾಡಿಸಬೇಕಾಗಿಲ್ಲ. ಮುಖ್ಯವಾಗಿ ನೋಡುವುದು ವಯಸ್ಸನ್ನೇ, ಅದೂ ಹುಟ್ಟಿದ ಇಸವಿಯ ಪ್ರಕಾರ. ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಐದೂಮುಕ್ಕಾಲು ವರ್ಷಕ್ಕೇ ಒಂದನೇ ಕ್ಲಾಸಿಗೆ ಹೋಗುತ್ತದೆ. ಯುಕೆಜಿ ಇನ್ನೂ ಬಾಕಿ ಎಂದುಕೊಂಡು ಬಂದವರಿಗೆ ಇದು ಆಶ್ಚರ್ಯ.

ಚಿಲಿಯಲ್ಲಿ ಎಂಟು ವರ್ಷ ಬಾಸಿಕೋ, ನಾಲ್ಕು ವರ್ಷ ಮೆದಿಯೋ. ‘ಸೆಗುಂದೋ ಮೆದಿಯೋ’ ಎಂದರೆ ನಮ್ಮ ಹತ್ತು. ಕೊಲಂಬಿಯಾದಲ್ಲಿ ಆರರಿಂದ ಹನ್ನೊಂದರವರೆಗೆ ಬಚಿಯೆರಾತೋ, ಹನ್ನೊಂದಕ್ಕೇ ಶಾಲೆ ಮುಗಿಯುತ್ತದೆ. ಅರ್ಜೆಂಟೀನಾದಲ್ಲಿ ಪ್ರಿಮಾರಿಯಾ ಕೆಲವು ಪ್ರಾಂತ್ಯಗಳಲ್ಲಿ ಆರು ವರ್ಷ, ಕೆಲವು ಕಡೆ ಏಳು. ಬ್ಯೂನಸ್ ಐರಿಸ್ ನಗರದಲ್ಲಿ ಏಳು, ಅದೇ ಹೆಸರಿನ ಪಕ್ಕದ ಪ್ರಾಂತ್ಯದಲ್ಲಿ ಆರು! ಮನೆ ಬದಲಿಸುವ ಮುನ್ನ ನೋಡಿಕೊಳ್ಳಿ. ಚಿಲಿ, ಅರ್ಜೆಂಟೀನಾ ಎರಡರಲ್ಲೂ ಶಾಲೆ ಶುರುವಾಗುವುದು ಮಾರ್ಚ್ ಹೊತ್ತಿಗೆ, ಜೂನ್‌ನಲ್ಲಿ ಬಂದರೆ ಅರ್ಧ ಪಾಠ ಆಗಿಹೋಗಿರುತ್ತದೆ.

ದೊಡ್ಡವರು ಎಡವುವುದು ಬಚಿಯೆರಾತೋ ಪದದಲ್ಲಿ. ಬ್ಯಾಚುಲರ್ ಡಿಗ್ರಿಯಂತೆ ಕೇಳಿಸುತ್ತದೆ ಎಂದು ಬಿಇ ಮಾಡಿದವರು ಫಾರಂನಲ್ಲಿ ಅದನ್ನೇ ಟಿಕ್ ಮಾಡಿದರೆ, ಮೆಕ್ಸಿಕೊ ಮತ್ತು ಸ್ಪೇನ್‌ನಲ್ಲಿ ಪಿಯುಸಿ ಪಾಸಾದವರು ಎಂದಾಗುತ್ತದೆ. ಡಿಗ್ರಿಗೆ ಮೆಕ್ಸಿಕೊದಲ್ಲಿ ಲಿಸೆನ್ಸಿಯಾತೂರಾ, ಸ್ಪೇನ್‌ನಲ್ಲಿ ಈಗ ಗ್ರಾದೋ. ಮೆಕ್ಸಿಕೊದಲ್ಲಿ ಗ್ರಾದೋ ಅಂದರೆ ಸಾಮಾನ್ಯವಾಗಿ ಶಾಲೆಯ ತರಗತಿ. ಪೆರುವಿನಲ್ಲಾದರೆ ‘ಬಚಿಯೆರ್’ ನಿಜಕ್ಕೂ ವಿಶ್ವವಿದ್ಯಾಲಯದ ಪದವಿ.

ಕಾಗದಪತ್ರದ ವಿಷಯ: ಹೊರದೇಶದ ಓದಿಗೆ ಮಾನ್ಯತೆ ಕೊಡುವುದಕ್ಕೆ ಮೆಕ್ಸಿಕೊದಲ್ಲಿ ‘ರೆವಲಿದಾಸಿಯೋನ್’ ಎಂದು ಹೆಸರು. ‘ಎಕಿವಲೆನ್ಸಿಯಾ’ ಎಂದು ಕೇಳಿದರೆ ಮೆಕ್ಸಿಕೊದೊಳಗೇ ಓದಿದವರ ಸಾಲಿಗೆ ಕಳಿಸುತ್ತಾರೆ. ಸ್ಪೇನ್‌ನಲ್ಲಿ ಪಿಯುಸಿವರೆಗಿನ ಇಡೀ ಸರ್ಟಿಫಿಕೇಟಿಗೆ ಮಾನ್ಯತೆ ಕೊಡುವುದಕ್ಕೆ ‘ಓಮೊಲೊಗಾಸಿಯೋನ್’ ಎನ್ನುತ್ತಾರೆ. ಪ್ರೆಪಾ, ಬಚಿಯೆರಾತೋ ಅಥವಾ ಅದಕ್ಕೂ ಮೇಲಿನ ಓದಿಗೆ ಬರುವವರು ಮಾರ್ಕ್ಸ್ ಕಾರ್ಡುಗಳಿಗೆ ಅಪೊಸ್ಟಿಲ್ ಮುದ್ರೆಯನ್ನು (ಕಾಗದ ಅಸಲಿ ಎಂದು ಹೊರದೇಶದವರು ಒಪ್ಪಲು ನಮ್ಮ ಸರ್ಕಾರ ಹಾಕುವ ಮುದ್ರೆ) ಊರಲ್ಲೇ ಹಾಕಿಸಿಕೊಂಡು ಬನ್ನಿ. ಇಲ್ಲಿಗೆ ಬಂದಮೇಲೆ ಆ ಕೆಲಸ ತಲೆನೋವು.

ಶಾಲೆ ಶುರುವಾದ ಮೇಲೆ ಅಂಕಪಟ್ಟಿ ಬರುತ್ತದೆ. ಮೆಕ್ಸಿಕೊದಲ್ಲಿ ಅದಕ್ಕೆ ಬೊಲೇತಾ ಎನ್ನುತ್ತಾರೆ. ಅಲ್ಲಿ ಫೇಲಾದರೆ ‘ರೆಪ್ರೊಬಾದೋ’. ಸ್ಪೇನ್‌ನಲ್ಲಿ ಅದೇ ‘ಸುಸ್ಪೆನ್ಸೋ’. ಮಗನನ್ನು ಶಾಲೆಯಿಂದ ಸಸ್ಪೆಂಡ್ ಮಾಡಿದರು ಅಂತ ಗಾಬರಿ ಬೀಳಬೇಡಿ, ಒಂದು ಸಬ್ಜೆಕ್ಟ್ ಹೋಗಿದೆ ಅಷ್ಟೇ. ಪಾಸಾಗಲು ಸ್ಪೇನ್‌ನಲ್ಲಿ 10ಕ್ಕೆ 5 ಬೇಕು, ಮೆಕ್ಸಿಕೊದಲ್ಲಿ 6. ಚಿಲಿಯಲ್ಲಿ ಅಂಕ 1ರಿಂದ 7ರವರೆಗೆ, 4 ಬಂದರೆ ಪಾಸು. ಅಲ್ಲಿ 6 ತಂದ ಮಗುವನ್ನು ಬೈಯಬೇಡಿ, ಅದು ಒಳ್ಳೆಯ ಅಂಕ.