ಹಾಡೋಕೆ ಬರದೋರೂ ಗಮಕ ಕಲೀಬಹುದು, ಈ ಮಳೆಗಾಲದಲ್ಲೇ ಶುರು ಮಾಡಿ

ಕೊಡಗಲ್ಲಿ ಜುಲೈ ಸಂಜೆ ಮಾಡೋಕೆ ಏನಿರುತ್ತೆ ಹೇಳಿ, ತೋಟದ ಕೆಲಸ ಕಮ್ಮಿ, ಕರೆಂಟ್ ಇದ್ರೆ ಇತ್ತು ಇಲ್ದಿದ್ರೆ ಇಲ್ಲ. ನಾಲ್ಕೈದು ಜನ ಸೇರ್ಕೊಂಡು ಗಮಕ ಕಲಿಯೋಕೆ ಇದಕ್ಕಿಂತ ಒಳ್ಳೆ ಟೈಮ್ ಸಿಗಲ್ಲ. ಒಬ್ರು ಹಳೇ ಕಾವ್ಯನ ರಾಗವಾಗಿ ಓದ್ತಾರೆ, ಪಕ್ಕದಲ್ಲಿ ಕೂತೋರು ವ್ಯಾಖ್ಯಾನ ಮಾಡ್ತಾರೆ, ಅಷ್ಟೇ. ತಾಳ ಇಲ್ಲ, ಮೃದಂಗ ಇಲ್ಲ, ಶ್ರುತಿ ಒಂದು ಬೇಕು, ಅದಕ್ಕೂ ಮೊಬೈಲಲ್ಲಿ ತಂಬೂರಿ ಆ್ಯಪ್ ಇದೆ. ಜಾಗ ಮಾತ್ರ ನೋಡಿ ಆರಿಸ್ಕೊಳ್ಳಿ, ಶೀಟ್ ಹಾಕಿರೋ ಮನೆ ಬೇಡ್ವೇ ಬೇಡ, ಮಳೆ ಸದ್ದಲ್ಲಿ ನಿಮ್ಮ ಧ್ವನಿ ನಿಮಗೇ ಕೇಳಲ್ಲ.

ಹೊಸಬರು ಬಂದ ದಿನವೇ ಯಾವ ರಾಗ ಅಂತ ಕೇಳ್ತಾರೆ. ರಾಗದ ಸುದ್ದಿ ಆಮೇಲೆ ನೋಡೋಣ. ಇಲ್ಲಿ ಸಾಹಿತ್ಯಾನೇ ಯಜಮಾನ, ರಾಗ ಅದು ಹೇಳಿದ ಹಾಗೆ ಕೇಳ್ಕೊಂಡು ಬರಬೇಕು, ಅದಕ್ಕೇ ಸಂಗೀತ ಗೊತ್ತಿಲ್ದೋರೂ ಧೈರ್ಯವಾಗಿ ಬರಬಹುದು ಅಂತ ನಾನು ಹೇಳೋದು. ಶುರುವಿಗೆ 15ನೇ ಶತಮಾನದ ಕುಮಾರವ್ಯಾಸನ ಭಾರತ ಇಟ್ಕೊಳ್ಳಿ, ಪೂರ್ತಿ ಭಾಮಿನಿ ಷಟ್ಪದಿ, ಒಂದು ಪದ್ಯದ ನಡೆ ಹಿಡಿದ್ರೆ ಉಳಿದದ್ದಕ್ಕೂ ದಾರಿ ಸಿಕ್ಕಿದ ಹಾಗೆ.

ಮೊದಲ ಪದ್ಯಾನೇ ತಗೊಳ್ಳಿ. ಲಘುಗೆ ಒಂದು ಮಾತ್ರೆ, ಗುರುಗೆ ಎರಡು, ಕೈತಟ್ಟಿ ಎಣಿಸಿ: ಶ್ರೀವ, ನಿತೆಯರ, ಸನೆ ವಿ, ಮಲ ರಾ. ಮೂರು ನಾಲ್ಕು ಮೂರು ನಾಲ್ಕು, ಒಟ್ಟು 14. ಒಂದು, ಎರಡು, ನಾಲ್ಕು, ಐದನೇ ಸಾಲು ಹೀಗೇ ಇರುತ್ತೆ, ಮೂರು ಮತ್ತೆ ಆರನೇದು ಉದ್ದ, 23 ಮಾತ್ರೆ, ಅದರ ಕೊನೇ ಅಕ್ಷರ ಗುರು ಅಂತಲೇ ಲೆಕ್ಕ. ಎರಡನೇ ಅಕ್ಷರದ ಪ್ರಾಸಾನೂ ಗಮನಿಸಿ, ಶ್ರೀವ, ಜೀವ, ಪಾವ, ರಾವ ಅಂತ ಆರು ಸಾಲಲ್ಲೂ ವಕಾರ ಬರುತ್ತೆ, ಬಾಯಿಪಾಠಕ್ಕೆ ಇದು ಒಳ್ಳೆ ಹಿಡಿಕೆ.

ಈಗ ಆ ಮೊದಲ ಸಾಲಿನ ತುದಿ ನೋಡಿ, "ರಾ" ಅಂತ ನಿಂತಿದೆ, ಮುಂದಿನ ಸಾಲು "ಜೀವ ಪೀಠನ ಪಿತನೆ" ಅಂತ ಶುರುವಾಗುತ್ತೆ. ಪದ ಇರೋದು ರಾಜೀವಪೀಠ, ತಾವರೆ ಮೇಲೆ ಕೂತ ಬ್ರಹ್ಮ. ಸಾಲು ಮುಗೀತು ಅಂತ ನೀವು "ರಾ" ಅಂತ ಎಳೆದು ಉಸಿರು ತಗೊಂಡ್ರೆ ಬ್ರಹ್ಮ ಎರಡು ತುಂಡಾಗಿ ಹೋದ. ಅದಕ್ಕೇ ಮೊದಲು ಪದ ಬಿಡಿಸಿ ಮಾತಾಡೋ ಹಾಗೆ ಓದಿ, ಅರ್ಥ ಎಲ್ಲಿ ನಿಲ್ಲುತ್ತೋ ಅಲ್ಲಿ ಪೆನ್ಸಿಲ್ಲಲ್ಲಿ ಗೀಟು ಹಾಕಿ, ಉಸಿರು ಅಲ್ಲೇ. ಛಂದಸ್ಸು ಒಳಗೆ ನಡೀತಾ ಇರಬೇಕು, ಕೇಳೋರಿಗೆ ಅರ್ಥ ತಲುಪಬೇಕು, ನನ್ನ ಪ್ರಕಾರ ಕಲಿಕೆಯ ಅರ್ಧ ಟೈಮ್ ಇದಕ್ಕೇ ಕೊಟ್ರೂ ತಪ್ಪಿಲ್ಲ. ಮನೇಲಿ ಕೊಡವ ತಕ್ಕೋ ಅರೆಭಾಷೆಯೋ ತುಳುವೋ ಮಾತಾಡಿ, ಏನೂ ತೊಂದ್ರೆಯಿಲ್ಲ, ಆದ್ರೆ ಮಥನ, ಕಥನ, ಸುಧಾ ಇಂಥ ಕಡೆ ಮಹಾಪ್ರಾಣ ನುಂಗಬೇಡಿ.

ಇಷ್ಟಾದ್ಮೇಲೆ ರಾಗ. ಮೋಹನ ಒಂದೇ ಸಾಕು ಸದ್ಯಕ್ಕೆ, ಐದೇ ಸ್ವರ, ತಪ್ಪೋ ಭಯ ಕಮ್ಮಿ. ಆಮೇಲೆ ದುಃಖದ ಪದ್ಯಕ್ಕೆ ಮುಖಾರಿ, ವೀರಕ್ಕೆ ಬಿಲಹರಿ ಅಂತ ಒಂದೊಂದೇ ಸೇರಿಸ್ಕೊಳ್ಳಿ. ಉದ್ದುದ್ದ ಆಲಾಪ ಬೇಡ, ಅದು ಕಛೇರಿ ಆಗ್ಬಿಡುತ್ತೆ. ಶಿವಮೊಗ್ಗ ಹತ್ರದ ಹೊಸಹಳ್ಳಿ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ರೆಕಾರ್ಡಿಂಗ್ ಕೇಳಿ, ಎಲ್ಲಿ ನಿಲ್ಲಿಸ್ತಾರೆ ಅನ್ನೋದನ್ನ ಪುಸ್ತಕ ಹಿಡ್ಕೊಂಡು ಗುರುತು ಮಾಡಿ.

ದುಡಿ, ಅಂದ್ರೆ ಕೊಡವರ ಆ ಪುಟ್ಟ ಚರ್ಮವಾದ್ಯ, ಬಾರಿಸಬಹುದಾ ಅಂತ ನಮ್ಮ ಕಡೆ ಯಾರಾದ್ರೂ ಕೇಳೇ ಕೇಳ್ತಾರೆ. ಬಾಳೋ ಪಾಟ್‌ಗೆ ಅದು ಬೇಕೇ ಬೇಕು, ನಾಲ್ಕು ಜನ ಇಬ್ಬಿಬ್ಬರಾಗಿ ದುಡಿ ಏಟಿಗೆ ಹಾಡೋ ಕೊಡವರ ಕಥೆಹಾಡು ಅದು, ಗಮಕಕ್ಕೆ ಬೇಡ, ಏಟು ಸಿಕ್ಕಿದ್ರೆ ಪದ್ಯ ಅದರ ಹಿಂದೆ ಓಡುತ್ತೆ. ಆದ್ರೆ ಬಾಳೋ ಪಾಟ್ ಹಾಡೋ ಹಿರಿಯರು ಸಿಕ್ಕಿದ್ರೆ ಕೂತು ಕೇಳಿ, ಕಥೆನ ಗಂಟೆಗಟ್ಟಲೆ ದಣಿಯದೆ ಎಳ್ಕೊಂಡು ಹೋಗೋದು ಹೇಗೆ ಅಂತ ಅವರಿಗೆ ಗೊತ್ತು.

ಪ್ರಸಂಗ ಯಾವ್ದು ಅಂದ್ರೆ ಹೊಸಬರಿಗೆ ಉತ್ತರನ ಪೌರುಷ ಬೆಸ್ಟು, ಹೆಂಗಸರ ಮುಂದೆ ಜಂಬ ಕೊಚ್ಚಿ ಕೌರವ ಸೇನೆ ಕಂಡ ಕೂಡ್ಲೆ ಓಡೋ ಹುಡುಗ, ವ್ಯಾಖ್ಯಾನ ಮಾಡೋರಿಗೂ ಹಬ್ಬ. ಒಂದೇ ಸಮಸ್ಯೆ, ಅದು ವಿರಾಟಪರ್ವ, ಓದಿಸಿದ್ರೆ ಮಳೆ ಬರುತ್ತೆ ಅಂತ ನಂಬಿಕೆ, ಮಡಿಕೇರೀಲಿ ಜುಲೈಯಲ್ಲಿ ಅದನ್ನ ಓದಿ ಅಕ್ಕಪಕ್ಕದೋರ ಹತ್ರ ಬೈಸ್ಕೊಳ್ಳೋದು ನಿಮಗೆ ಬಿಟ್ಟಿದ್ದು. ಬೇಡ ಅಂದ್ರೆ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳೋ ಭಾಗ ಇದೆ. ವ್ಯಾಖ್ಯಾನ ಪದ್ಯಕ್ಕಿಂತ ತುಂಬ ಉದ್ದ ಹೋಗ್ಬಾರ್ದು, ಮೈಕ್ ಕೈಗೆ ಬಂದ್ರೆ ಇಳಿಸದೋರು ಎಲ್ಲಾ ಊರಲ್ಲೂ ಇರ್ತಾರೆ, ಮೊದಲೇ ಹೇಳಿಟ್ಟಿರಿ. ಥಂಡಿಗೆ ಗಂಟಲು ಕಟ್ಟಿದ್ರೆ ಒಳ್ಳೆಮೆಣಸಿನ ಕಷಾಯ ಕುಡೀರಿ, ಆ ದಿನ ಕಿರುಚಿ ಓದ್ಬೇಡಿ.

ಮೊದಲ ವಾಚನ ಯಾರದಾದ್ರೂ ಮನೆ ಜಗಲೀಲಿ ಇಟ್ಕೊಳ್ಳಿ, ಹದಿನೈದು ಪದ್ಯ ಸಾಕು, ಕೊನೇಲಿ ಮಧ್ಯಮಾವತೀಲಿ ಮಂಗಳ. ದಿನ ಮಾತ್ರ ನಮ್ಮ ಸುಗ್ಗಿ ಹಬ್ಬ ಹುತ್ತರಿಗಿಂತ ಮುಂಚೆ ಗೊತ್ತು ಮಾಡಿ, ಕಾಫಿ ಕುಯ್ಯೋದು ಶುರುವಾದ್ರೆ ಓದೋರೂ ಸಿಗಲ್ಲ ಕೇಳೋರೂ ಸಿಗಲ್ಲ.